ಪಾಡ್ಯದ ದಿನ ಬಿದ್ದ ಹಿಮ

ಬಲಿಪಾಡ್ಯದ ಬೆಳಿಗ್ಗೆ ಹೊಸ್ತಿಲ ಎರಡೂ ಬದಿಗೆ ಸಗಣಿಯಲ್ಲಿ ಮಾಡಿದ ಪಾಂಡವರನ್ನು ಕೂರಿಸಿ, ಒಬ್ಬೊಬ್ಬರ ನೆತ್ತಿಗೂ ಚೆಂಡುಹೂ ಸಿಕ್ಕಿಸುತ್ತಿದ್ದ ವಾರಿಜಾಳ ಕೈಮೇಲೆ ಏನೋ ತಣ್ಣಗೆ ಬಿತ್ತು. ಮಗ್ಗುಲ ಮನೆಯ ಹುಡುಗರು ಹಚ್ಚಿದ ಪಟಾಕಿಯ ಬೂದಿ ಇರಬೇಕೆಂದು ಒರೆಸಿಕೊಂಡಳು. ಇನ್ನೊಂದು ಬಿತ್ತು. ಬೂದಿ ಕರಗುವುದಿಲ್ಲ, ಇದು ಕರಗಿತು. ತಲೆಯೆತ್ತಿ ನೋಡಿದರೆ ಧಾರವಾಡದ ಆಕಾಶ ಪೂರ್ತಿ ಬಿಳಿಚಿಕೊಂಡು ಹಿಂಜಿದ ಅರಳೆಯ ಹಾಗೆ ಉದುರುತ್ತಿತ್ತು. ಭೀಮನಿಗೆ ಆಗಲೇ ಚೆಂಡುಹೂವಿನ ಮೇಲೊಂದು ಬಿಳಿ ಟೊಪ್ಪಿಗೆ ಬಂದಿತ್ತು.

"ಸಾಧ್ಯನ ಇಲ್ಲ," ಎಂದಳು ವಾರಿಜಾ, ಭೀಮನಿಗೇ.

ಹಾಗೆನ್ನಲು ಅವಳಿಗೆ ಅಧಿಕಾರವೂ ಇತ್ತು. ಧಾರವಾಡದಲ್ಲಿ ಹಿಮ ತಾನಾಗಿ ಬೀಳುವುದಿಲ್ಲ, ಬೀಳಿಸಬೇಕು. ಬೀಳಿಸುವ ಕೇಂದ್ರದಲ್ಲಿ ವಾರಿಜಾ ಇನಾಮದಾರ ಹಿರಿಯ ಇಂಜಿನಿಯರು.

ಬೇಸಿಗೆ ಬಂತೆಂದರೆ ನಳಗಳು ಬರೀ ಗಾಳಿ ಊದತೊಡಗಿದ್ದ ಕಾಲದಲ್ಲಿ, ಚಳಿಗಾಲದ ಮೋಡವನ್ನೇ ಗಟ್ಟಿ ಮಾಡಿ ನೆಲದ ಮೇಲೆ ಕೂಡಿಟ್ಟರೆ ಹೇಗೆ ಎಂದು ಯಾರಿಗೋ ಹೊಳೆದಿತ್ತು. ಈಗ ಮುಗಿಲಿನೆತ್ತರದಲ್ಲಿ ನೂರಾರು ಬಲೂನುಗಳು ತೇಲುತ್ತವೆ. ಒಂದೊಂದರ ಕೆಳಗೂ ಒಂದೊಂದು ತೆಳುವಾದ ಹಾಳೆ. ಸುತ್ತಲಿನ ಗಾಳಿಯ ಬಿಸಿಯನ್ನು ಅದು ಹೀರಿ ಬಾಹ್ಯಾಕಾಶಕ್ಕೆ ಬಿಡುತ್ತದೆ, ಗಾಳಿ ತಣಿಯುತ್ತದೆ, ಮೋಡದ ನೀರು ಹಿಮವಾಗಿ ಇಳಿಯುತ್ತದೆ. ಆ ಹಿಮವನ್ನು ಗುಡ್ಡದ ಬುಡದ ಹೊಂಡಗಳಿಗೆ ತಳ್ಳಿ ಮೇಲೆ ಕಬ್ಬಿನ ಒಣಗರಿಯ ರವದಿ ಹೊದಿಸಿಟ್ಟರೆ, ಏಪ್ರಿಲ್ ಬಿಸಿಲಿಗೆ ಮೆಲ್ಲಗೆ ಕರಗಿ ಕೆರೆಗೆ ಹರಿಯುತ್ತದೆ. ಗುಡ್ಡದ ಮೇಲಷ್ಟೇ ಬೀಳು ಎಂದರೆ ಹಿಮ ಕೇಳುತ್ತದೆಯೇ? ಊರಿನ ಮೇಲೂ ಬೀಳುತ್ತದೆ. ಜನ ಬೈಯುತ್ತ ಬೈಯುತ್ತ ಹೊಂದಿಕೊಂಡರು. ಹಾಸಿ ಹೊದೆಯಲು ಹೊಲಿಯುತ್ತಿದ್ದ ಕೌದಿಗಳನ್ನು ಬದನೆ ಗಿಡಕ್ಕೂ ಪೇರಲ ಗಿಡಕ್ಕೂ ಹೊಲಿಯತೊಡಗಿದರು. ಬಿಳಿ ಅಂಗಳದಲ್ಲಿ ಬಿಳಿ ರಂಗೋಲಿ ಕಾಣುವುದಿಲ್ಲವೆಂದು ಅರಿಸಿನ ಕುಂಕುಮದಲ್ಲೇ ಎಳೆ ಎಳೆದರು.

ಒಂದು ವಿಷಯಕ್ಕೆ ಮಾತ್ರ ಹೊಂದಿಕೊಳ್ಳಲಿಲ್ಲ. ಮೊದಮೊದಲು ಕೇಂದ್ರದವರು ಇಂಗ್ಲಿಷ್ ತಾರೀಖು ನೋಡಿ ಹಿಮ ಬಿಡುತ್ತಿದ್ದರು. ಒಂದು ವರ್ಷ ಅದು ತುಳಸಿ ಲಗ್ನದ ಹಿಂದಿನ ದಿನ ಬಿದ್ದು ಊರಿನ ತುಳಸಿಗಳೆಲ್ಲ ಕರಕಾದವು. ಮರುದಿನ ಹೆಂಗಸರು ಸತ್ತ ತುಳಸಿಯ ಕುಂಡಗಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಕೇಂದ್ರದ ಗೇಟಿಗೆ ಅಡ್ಡ ಕುಳಿತರು. ಮುಂದಿನ ಸಾಲಿನಲ್ಲಿದ್ದವರು ವಾರಿಜಾಳ ಅತ್ತೆ ಅಂಬಕ್ಕ. ಸೊಸೆಯ ಕಾರು ಬಂದಾಗ "ಇಕೀನೂ ಒಳಗ ಬಿಡಬ್ಯಾಡ್ರಿ" ಎಂದು ಕೂಗಿದವರೂ ಅವರೇ. ಸರ್ಕಾರ ಬಗ್ಗಿತು. ಇನ್ನು ಮುಂದೆ ಪಂಚಾಂಗದ ಪ್ರಕಾರವೇ ಹಿಮ, ಕಾರ್ತಿಕ ಕಳೆದು ಮಾರ್ಗಶಿರ ಹತ್ತುವವರೆಗೆ ಒಂದು ಹಳಕೂ ಬೀಳಕೂಡದು ಎಂದಾಯಿತು. ಬಲೂನುಗಳಿಗೆ ಆ ಪಂಚಾಂಗ ಕಲಿಸಿದವಳು ವಾರಿಜಾ.

ಇವತ್ತು ಕಾರ್ತಿಕದ ಮೊದಲ ದಿನ. ತುಳಸಿ ಲಗ್ನಕ್ಕೇ ಇನ್ನೂ ಹನ್ನೊಂದು ದಿನವಿತ್ತು.

"ವಾರಿಜಾ! ನಿಮ್ಮ ಆಫೀಸಿನ್ದು ಬಂತು ನೋಡವಾ, ಹಬ್ಬದ ದಿನಾನ!" ಒಳಗಿನಿಂದ ಅಂಬಕ್ಕನ ಕೂಗು.

"ಇದು ನಮ್ಮದಲ್ರಿ ಅತ್ತ್ಯಾ. ನಮ್ಮದಕ್ಕ ಇನ್ನೂ ತಿಂಗಳದ."

"ನಿಮ್ಮದಲ್ಲಾ ಅಂದ್ರ ಮತ್ತ್ಯಾರದು? ಬಲಿ ಚಕ್ರವರ್ತಿ ಪಾತಾಳದಿಂದ ಬರಬೇಕಾದ್ರ ಕಟಗೊಂಡು ಬಂದಾನೇನು?"

ಅಷ್ಟರಲ್ಲಿ ಪಕ್ಕದ ಮನೆಯ ಚನ್ನಬಸವ್ವ ಕಂಪೌಂಡಿನ ಮೇಲಿಂದ ಕತ್ತು ಚಾಚಿದಳು. "ಏ ಇಂಜಿನಿಯರ್ ಬಾಯಾರ, ಸ್ವಲ್ಪ ಬಂದು ನನ್ನ ಹೀರಿ ಬಳ್ಳಿ ನೋಡ್ರಿ! ಹೂವು ಈಗರ ಬಿಟ್ಟಿತ್ತು. ಕೌದಿ ಅಟ್ಟದ ಮ್ಯಾಲ ಅದಾವು. ನಿಚ್ಚಣಿಕಿ ನಮ್ಮ ಮೈದುನನ ಮನ್ಯಾಗ ಐತಿ. ಮೈದುನ ಊರಾಗಿಲ್ಲ. ಯಾರನ್ನ ಕೇಳಬೇಕ್ರಿ ನಾ?"

ಯಾರನ್ನು ಕೇಳಬೇಕು ಎಂದು ವಾರಿಜಾಳಿಗೂ ಗೊತ್ತಿರಲಿಲ್ಲ. ಅವಳ ಕಣ್ಣು ಅಂಗಳದ ತುಳಸಿ ಕಟ್ಟೆಯ ಮೇಲೆ ನೆಟ್ಟಿತ್ತು. ಆ ಎಲೆಗಳ ಮೇಲೆ ಹಿಮ ಕೂರುತ್ತಿತ್ತು. ಕಟ್ಟೆಯ ಪಕ್ಕದಲ್ಲಿ ಅವಳ ನಾದಿನಿ ಸರಯೂ ಛತ್ರಿ ಹಿಡಿದು ನಿಂತಿದ್ದಳು. ಛತ್ರಿ ಇದ್ದದ್ದು ತುಳಸಿಗೆ, ಅವಳ ತಲೆಯ ಮೇಲೆ ಹಿಮ ಬೀಳುತ್ತಲೇ ಇತ್ತು.

ಸರಯೂಗೆ ನಲವತ್ತಮೂರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವಳ ಮದುವೆ ಗೊತ್ತಾಗಿತ್ತು. ಆ ವರ್ಷ ತುಳಸಿ ಲಗ್ನದ ಮುಂಚೆ ಆಡೊಂದು ಗೇಟು ದಾಟಿ ಬಂದು ತುಳಸಿಯನ್ನು ಬುಡದವರೆಗೆ ತಿಂದುಹಾಕಿತು. ಅಪಶಕುನ, ಮದುವೆ ಒಂದು ವರ್ಷ ಮುಂದೆ ಹೋಗಲಿ ಎಂದರು ಅಂಬಕ್ಕ. ಗಂಡಿನವರು ಒಂದು ವರ್ಷ ಕಾಯಲಿಲ್ಲ, ಒಂದು ತಿಂಗಳೂ ಕಾಯಲಿಲ್ಲ. ಆಮೇಲೆ ಬಂದ ಸಂಬಂಧಗಳು ಒಂದೊಂದು ನೆವಕ್ಕೆ ತಪ್ಪಿದವು. ಕೊನೆಗೆ ಸರಯೂ ಆ ಮಾತನ್ನೇ ಬಿಟ್ಟಿದ್ದಳು. ಹೀಗಿರುವಾಗ ಈ ವರ್ಷ ನವಲಗುಂದದ ದನದ ಡಾಕ್ಟರು ಶ್ರೀಪಾದ ಗಲಗಲಿ, ಹೆಂಡತಿ ತೀರಿಹೋದ ಐವತ್ತರ ಮನುಷ್ಯ, ಯಾರ ಮಧ್ಯಸ್ಥಿಕೆಯೂ ಇಲ್ಲದೆ ತಾನೇ ಬಂದು ಕೇಳಿದ. ಸರಯೂ ಅಲ್ಲಿಯೇ ಹೂಂ ಅಂದಳು. ತುಳಸಿ ಲಗ್ನವಾದ ಮೂರನೆಯ ದಿನಕ್ಕೆ ಮುಹೂರ್ತ. ವಾರಿಜಾಳ ಗಂಡ ಮುಕುಂದ ಲಗ್ನಪತ್ರಿಕೆ ಹಂಚಲು ಬಳ್ಳಾರಿ ಕಡೆ ಹೋಗಿದ್ದ.

"ವೈನಿ," ಎಂದಳು ಸರಯೂ, ಛತ್ರಿ ಸರಿಸದೆ, "ಇದು ಎಷ್ಟು ದಿನ ಬೀಳ್ತದ?"

"ಬರೇ ತಪ್ಪಿ ಬಿದ್ದದ್ದಿದ್ರ ಮಧ್ಯಾಹ್ನಕ್ಕ ನಿಲ್ತದ."

"ಮತ್ತ ತಪ್ಪಿ ಬಿದ್ದಿಲ್ಲಾ ಅಂದ್ರ?"

ವಾರಿಜಾ ಹೊಸ ಸೀರೆಯ ಮೇಲೆಯೇ ಸ್ವೆಟರು ಹಾಕಿಕೊಂಡು ಗುಡ್ಡಕ್ಕೆ ಹೊರಟಳು.

ಕೇಂದ್ರಕ್ಕೆ ಹೋಗುವ ಏರಿನಲ್ಲಿ ಕಾರು ಎರಡು ಸಲ ಜಾರಿತು. ಚಕ್ರಕ್ಕೆ ಹಾಕುವ ಸರಪಳಿ ಕೂಡ ಮಾರ್ಗಶಿರಕ್ಕೇ ಹೊರಗೆ ಬರುವಂಥದು. ನಿಯಂತ್ರಣ ಕೊಠಡಿಯಲ್ಲಿ ಹಬ್ಬದ ಪಾಳಿಗೆ ಇದ್ದವಳು ಮೆಹಜಬೀನ್ ಮುಲ್ಲಾ ಒಬ್ಬಳೇ. ಹಿಂದೂ ಹಬ್ಬಕ್ಕೆ ಅವಳು, ಈದಿಗೆ ವಾರಿಜಾ ಎಂಬುದು ಅವರಿಬ್ಬರ ಹಳೆಯ ಒಪ್ಪಂದ. ಗೋಡೆಯ ದೊಡ್ಡ ತೆರೆಯ ಮೇಲೆ ಹಸಿರು ಅಕ್ಷರದಲ್ಲಿ ಮೊದಲ ಹಿಮ ಯಶಸ್ವಿ ಎಂದು ಮಿನುಗುತ್ತಿತ್ತು.

"ಯಾರು ಬಿಟ್ಟದ್ದು?"

"ಯಾರೂ ಬಿಟ್ಟಿಲ್ರಿ ಮೇಡಂ. ತಾನಾಗೇ ಬಿಟ್ಟೈತಿ. ಒಂಬತ್ತನೇ ತಿಂಗಳು ಹತ್ತಿತು, ಅದಕ್ಕ ಬಿಟ್ಟೆ ಅಂತ ಬರದೈತಿ ನೋಡ್ರಿ. ನಾ ನಿಲ್ಲಸಾಕ ಹೋದ್ರ ನನ್ನ ಕೈಯಾಗ ಆಗಂಗಿಲ್ಲ, ಸಾಹೇಬರ ಒಪ್ಪಗಿ ಬೇಕಂತೈತಿ."

ಒಂಬತ್ತನೆಯ ತಿಂಗಳು. ಯುಗಾದಿಯಿಂದ ಎಣಿಸಿದರೆ ಒಂಬತ್ತನೆಯದೇ ಮಾರ್ಗಶಿರ, ತಾನೇ ಬರೆದದ್ದು. ವಾರಿಜಾ ಬೆರಳು ಮಡಚುತ್ತ ಹೋದಳು. ಚೈತ್ರ, ವೈಶಾಖ, ಅಧಿಕ ಜ್ಯೇಷ್ಠ... ಮೂರನೆಯ ಬೆರಳು ಮಡಚಿದ್ದು ಅಲ್ಲೇ ನಿಂತಿತು.

ಈ ವರ್ಷ ಅಧಿಕ ಮಾಸ ಬಂದಿತ್ತು. ಒಂದೇ ಜ್ಯೇಷ್ಠ ಎರಡು ಸಲ ಬಂದು, ಆಮೇಲಿನ ಹಬ್ಬಗಳೆಲ್ಲ ಒಂದು ತಿಂಗಳು ಮುಂದಕ್ಕೆ ಹೋಗಿದ್ದವು. ಅದನ್ನು ವಾರಿಜಾಳಿಗಿಂತ ಚೆನ್ನಾಗಿ ಯಾರು ಬಲ್ಲರು? ಅಧಿಕ ಮಾಸದಲ್ಲಿ ಅಳಿಯನಿಗೆ ಕೊಡಬೇಕೆಂದು ಗದಗದ ತವರಿನಿಂದ ಮೂವತ್ತಮೂರು ಅನಾರಸ ಬಂದಿದ್ದವು. ಮುಕುಂದ ಅವನ್ನು ಎರಡೇ ದಿನದಲ್ಲಿ ತಿಂದು ಹೊಟ್ಟೆ ಹಿಡಿದುಕೊಂಡಾಗ ಓಂಕಾಳು ಕುದಿಸಿ ಕೊಟ್ಟವಳೂ ಅವಳೇ. ಮನೆಯಲ್ಲಿ ಗೊತ್ತಿದ್ದದ್ದು ಆಫೀಸಿನಲ್ಲಿ ಗೊತ್ತಾಗಿರಲಿಲ್ಲ. ಹನ್ನೆರಡು ತಿಂಗಳ ವರ್ಷವೊಂದನ್ನು ಬಲೂನುಗಳಿಗೆ ಕಲಿಸಿ, ಹದಿಮೂರು ತಿಂಗಳ ವರ್ಷವೊಂದು ಇದೆ ಎಂಬುದನ್ನು ಬಾಗಿಲ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬಂದಿದ್ದಳು. ಅವಳಿಗೆ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ನಮ್ಮ ಪೈಕಿ ಅಧಿಕ ಮಾಸ ಇಲ್ರಿ ಮೇಡಂ," ಎಂದಳು ಮೆಹಜಬೀನ್, ಚಹಾ ಮುಂದಿಡುತ್ತ. "ಅದಕ್ಕ ನಮ್ಮ ರಂಜಾನ್ ಒಮ್ಮೆ ಬ್ಯಾಸಗ್ಯಾಗ, ಒಮ್ಮೆ ಮಳಿಗಾಲದಾಗ ಬರ್ತೈತಿ. ನಿಮ್ಮ ಹಬ್ಬ ಯಾಕ ಹಂಗ ಅಡ್ಡಾಡಂಗಿಲ್ಲ ಅಂತ ನನಗ ಯಾವಾಗೂ ಅನಸ್ತಿತ್ತು. ಕೇಳಬೇಕಾಗಿತ್ತು ನಾ."

"ನೀ ಕೇಳಿದ್ರ ನನಗ ಹೊಳೀತಿತ್ತು," ಎಂದಳು ವಾರಿಜಾ. ಆಮೇಲೆ ಇದು ಅನ್ಯಾಯದ ಮಾತೆನಿಸಿ ಚಹಾ ಕುಡಿದಳು.

ಸಾಹೇಬರು, ಅಂದರೆ ಕೇಂದ್ರದ ನಿರ್ದೇಶಕ ಡಾಕ್ಟರ್ ಕಲ್ಮಠ, ಹಬ್ಬದ ಹೊಸ ಅಂಗಿಯಲ್ಲಿ, ಹಣೆಯ ಮೇಲೆ ವಿಭೂತಿಯೊಂದಿಗೆ ಬಂದರು. ಎಲ್ಲ ಕೇಳಿಸಿಕೊಂಡು ಕುರ್ಚಿಗೆ ಒರಗಿದರು.

"ಈಗ ನಿಲ್ಲಸಬೇಕಂದ್ರ?"

"ಒಮ್ಮೆಲೆ ನಿಲ್ಲಸಾಕ ಬರೂದಿಲ್ರಿ. ತಣದ ಗಾಳಿ ಒಮ್ಮೆಲೆ ಬಿಟ್ರ ಆಲಿಕಲ್ಲಾಗಿ ಬೀಳ್ತದ. ಸಾವಕಾಶ ಬಲೂನು ಇಳಸಿದ್ರ ಎರಡು ದಿನ."

"ಇಳಸಿದ ಮ್ಯಾಲೆ ಮಾರ್ಗಶಿರದಾಗ ಮತ್ತ ಏರಸಾಕ ಗ್ಯಾಸ್ ಐತೇನು?"

ಇರಲಿಲ್ಲ. ಬಲೂನಿನ ಗ್ಯಾಸು ವರ್ಷಕ್ಕೆ ಒಂದೇ ಸಲ ಬರುವುದು. ಇಳಿಸಿದರೆ ಈ ವರ್ಷದ ಹಿಮವೇ ಮುಗಿಯಿತು, ಬೇಸಿಗೆಯ ನೀರೂ ಮುಗಿಯಿತು.

"ಹತ್ತು ದಿನ ಬೀಳ್ತೈತಿ, ಬೀಳಲಿ," ಎಂದರು ಕಲ್ಮಠ. "ಇವತ್ತು ತುಳಸಿ ಕುಂಡ ಹೊತಗೊಂಡು ಬರೋ ಹೆಣ್ಮಕ್ಕಳು ಏಪ್ರಿಲ್‌ದಾಗ ಖಾಲಿ ಕೊಡ ಹೊತಗೊಂಡು ಬರ್ತಾರ. ಅವಾಗ ಏನ್ ಹೇಳ್ತೀರಿ?"

ವಾರಿಜಾಳಿಗೆ ಸಿಟ್ಟು ಬಂದದ್ದು ಅವರು ಹೇಳಿದ್ದು ಸರಿ ಎಂಬ ಕಾರಣಕ್ಕೆ. ಅವರು ತಪ್ಪು ಹೇಳಿದ್ದರೆ ಜಗಳವಾಡಬಹುದಿತ್ತು. "ಹಂಗಾದ್ರ ಕಡೀಕ ತಪ್ಪಾಗ್ಯದ ಅಂತಾದ್ರೂ ಜನಕ್ಕ ಹೇಳೋಣ್ರಿ," ಎಂದಳು. "ಪಂಚಾಂಗಾ ಬರದಾಕಿ ನಾನು. ನನ್ನ ಹೆಸರ ಹೇಳ್ರಿ."

"ನೋಡೂಣು," ಎಂದರು ಕಲ್ಮಠ. ಆ ಮಾತಿನ ಅರ್ಥ ಇಲ್ಲ ಎಂದು ಕೇಂದ್ರದ ಜವಾನನಿಗೂ ಗೊತ್ತು.

ಸಂಜೆ ಮನೆಗೆ ಬಂದರೆ ಹಿತ್ತಲು ಕಾಲಿಡುವಂತಿರಲಿಲ್ಲ. ಬದನೆ ಗಿಡಗಳು ಮೊಣಕಾಲೂರಿ ಮಲಗಿದ್ದವು. ಸೇವಂತಿಗೆಯ ಸಾಲು ಬಣ್ಣವೇ ಗೊತ್ತಾಗದಂತೆ ಮುಚ್ಚಿಹೋಗಿತ್ತು. ಕಾಯಿ ತುಂಬಿದ ಪೇರಲ ಗಿಡದ ಒಂದು ಟೊಂಗೆ ಹಿಮದ ಭಾರಕ್ಕೆ ಸೀಳಿ ಬಚ್ಚಲಿನ ತಗಡಿನ ಮೇಲೆ ಬಿದ್ದು, ತಗಡು ಬಚ್ಚಲಿನ ಒಳಗೆ ಬಿದ್ದಿತ್ತು. ಬಳ್ಳಾರಿಯಿಂದ ಮುಕುಂದ ಫೋನು ಮಾಡಿ, ಇಲ್ಲಿ ಬಿಸಿಲು ಚುರುಚುರು ಅಂತದ, ನೀವು ಗಿಡಗಳಿಗೆ ಬೆಚ್ಚಗಿನ ನೀರು ಹಾಕಿ ನೋಡ್ರಿ ಎಂದು ಉಪದೇಶ ಮಾಡಿದ. ವಾರಿಜಾ ಫೋನನ್ನು ಅತ್ತೆಯ ಕೈಗೆ ಕೊಟ್ಟುಬಿಟ್ಟಳು.

ತುಳಸಿ ಇನ್ನೂ ಹಸಿರಾಗಿತ್ತು. ಸರಯೂ ಬೆಳಗಿನಿಂದ ಛತ್ರಿ ಬದಲಿಸುತ್ತ ಕಾದಿದ್ದಳು. ಆದರೆ ಕತ್ತಲಾದ ಮೇಲೆ ಹಿಮಕ್ಕಿಂತ ಚಳಿಯೇ ದೊಡ್ಡ ವೈರಿ, ಏನಾದರೂ ಹೊದಿಸಲೇಬೇಕು. ಬೇರೆ ಸಸಿ ತಂದು ನೆಡುವ ಮಾತು ಅಂಬಕ್ಕನ ಮುಂದೆ ಎತ್ತುವ ಹಾಗಿರಲಿಲ್ಲ. ಆಷಾಢ ಏಕಾದಶಿಗೆ ನೆಟ್ಟ ಗಿಡಕ್ಕೇ ಲಗ್ನವಾಗಬೇಕು, ನಡುವೆ ಬದಲಿಸಿದರೆ ಮದುಮಗಳನ್ನೇ ಬದಲಿಸಿದ ಹಾಗೆ ಎಂಬುದು ಅವರ ನೇಮ.

ವಾರಿಜಾ ಒಳಗಿನಿಂದ ದಪ್ಪನೆಯ ಕೌದಿ ತಂದಳು. ಅಂಬಕ್ಕ ಬಾಗಿಲಿಗೆ ಅಡ್ಡ ನಿಂತರು.

"ಹಾಸಿಗಿ ಮ್ಯಾಲಿನ ಕೌದಿ ನನ್ನ ತುಳಸಿ ಮ್ಯಾಲೆ? ಮೈಲಿಗಿ ಆತು!"

"ಅತ್ತ್ಯಾ, ವರ್ಷಾ ಮಾರ್ಗಶಿರದಾಗ ಹೊಚ್ಚತೀವಲ್ರಿ?"

"ಅದು ಲಗ್ನ ಆದ ಮ್ಯಾಲೆ. ಲಗ್ನ ಆಗೂತನಾ ಮಡಿ ಅರಿವಿನ ಬೇಕು."

ಮಡಿಗೆ ನಡೆಯುವ ಬಟ್ಟೆ ಎಂದರೆ ಉಣ್ಣೆಯ ಧಾಬಳಿ. ಮನೆಯಲ್ಲಿದ್ದ ಒಂದೇ ಧಾಬಳಿ ಹುಳ ತಿಂದು ಜಾಳಿಗೆಯಾಗಿತ್ತು. ಇಲ್ಲವಾದರೆ ರೇಷ್ಮೆ. ರೇಷ್ಮೆ ಸೀರೆಗಳೆಲ್ಲ ಮದುವೆಯ ಸಲುವಾಗಿ ಪಾಲಿಶ್‌ಗೆ ಹೋಗಿದ್ದವು, ಅಂಗಡಿ ಹಬ್ಬಕ್ಕೆ ಮುಚ್ಚಿತ್ತು. ಬಲ್ಬು ಕಟ್ಟೋಣವೆಂದರೆ ತಂತಿಗಳ ಮೇಲೆ ಹಿಮ ಕುಳಿತು ಕರೆಂಟೇ ಹೋಗಿತ್ತು. ಪ್ಲಾಸ್ಟಿಕ್ ಹಾಳೆ ಗೊಬ್ಬರದ ಚೀಲಕ್ಕೆ ಹೊದಿಸಿದ್ದು, ಅದೂ ಮೈಲಿಗೆ. ಶ್ರೀಪಾದ ಫೋನಿನಲ್ಲಿ, "ಆಕಳಕ್ಕ ಥಂಡಿ ಹತ್ತಿದ್ರ ಗೋಣಿತಟ್ಟು ಕಟ್ಟತೀವ್ರಿ" ಎಂದ. ಗೋಣಿತಟ್ಟಿನ ಮಡಿಯ ಬಗ್ಗೆ ಚರ್ಚೆ ಸ್ವಲ್ಪ ಹೊತ್ತು ನಡೆದು ಮುರಿದುಬಿತ್ತು.

"ಅತ್ತ್ಯಾ, ಗಿಡಾ ಸಾಯ್ತದ್ರಿ!" ವಾರಿಜಾ ಕೊನೆಗೆ ದನಿ ಏರಿಸಿಯೇ ಬಿಟ್ಟಳು. "ಮಡಿ ಇಟಗೊಂಡು ಏನ್ಮಾಡ್ತೀರಿ?"

"ಹಿಮಾ ಬಿಟ್ಟಾಕಿ ನೀನು. ನನಗ ಹೇಳಬ್ಯಾಡ."

ವಾರಿಜಾ ಕೌದಿಯನ್ನು ಕುರ್ಚಿಯ ಮೇಲೆ ಎಸೆದು ಒಳಗೆ ಹೋದಳು. ಬಿದಿರಿನ ಹೊಸ ಬುಟ್ಟಿಯೊಂದನ್ನು ಬೋರಲು ಮುಚ್ಚಿ ಸರಯೂ ಕೂಡ ಸೋತು ಒಳಗೆ ಬಂದಳು.

ಅವರಿಬ್ಬರೂ ಒಳಗೆ ಹೋದ ಮೇಲೆ ಅಂಬಕ್ಕ ಸುಮ್ಮನಿರಲಿಲ್ಲ. ಎಪ್ಪತ್ತೆಂಟರ ಜೀವ, ಆ ಚಳಿಯಲ್ಲಿ ಮಿಂದು, ತಮ್ಮ ನೂಲಿನ ಸೀರೆಯೊಂದನ್ನು ಯಾರೂ ಮುಟ್ಟದ ಹಾಗೆ ಒಗೆದು ಹಿಂಡಿದರು. ಒಣಗಲಿ ಎಂದು ಕಾಯಲು ಬಿಸಿಲೆಲ್ಲಿದೆ? ಹಸಿಯಾಗಿಯೇ ತಂದು ಬುಟ್ಟಿ ತೆಗೆದು, ತುಳಸಿಗೆ ಸುತ್ತಿನ ಮೇಲೆ ಸುತ್ತು, ಬುಡದಿಂದ ತುದಿಯವರೆಗೆ ಬಿಗಿಯಾಗಿ ಸುತ್ತಿದರು. ಮಗಳ ಮದುವೆ ಉಳಿಸಿದೆನೆಂಬ ಸಮಾಧಾನದಿಂದ ಹೋಗಿ ಮಲಗಿದರು.

ಬೆಳಿಗ್ಗೆ ಆ ಸೀರೆ ಹಲಗೆಯ ಹಾಗೆ ಸೆಟೆದು ನಿಂತಿತ್ತು. ವಾರಿಜಾ ಬಿಸಿನೀರು ಹನಿಸಿ ಹನಿಸಿ ಬಿಡಿಸಿದಾಗ ಒಳಗಿನ ಗಿಡ ಕಪ್ಪಗಾಗಿತ್ತು. ಮುಟ್ಟಿದ ಕಡೆಯಲ್ಲೆಲ್ಲ ಎಲೆ ಬೆರಳಿಗೆ ಮೆತ್ತಿ ಬಂತು. ಏನೂ ಹೊದಿಸದಿದ್ದರೂ ಒಂದು ವೇಳೆ ಉಳಿಯುತ್ತಿತ್ತೇನೋ. ಆದರೆ ಅದನ್ನು ಬಾಯಿಬಿಟ್ಟು ಹೇಳುವಷ್ಟು ಸಿಟ್ಟು ವಾರಿಜಾಳಲ್ಲಿ ಉಳಿದಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಆವಾಗ ಆಡು ತಿಂತು," ಎಂದರು ಅಂಬಕ್ಕ, ಮೆಟ್ಟಿಲ ಮೇಲೆ ಕುಳಿತು. "ಈ ಸಲ ನಾನ ಕೊಂದೆ." ಆಮೇಲೆ ಯಾರ ಮುಖವನ್ನೂ ನೋಡದೆ, "ಕನ್ನೆ ತುಳಸಿ ಸತ್ತ ಅಂಗಳದಾಗ ಕನ್ನೆ ಧಾರೆ ಎರಿಯೂದು ಹ್ಯಾಂಗ? ಮುಂದಿನ ವರ್ಷ ನೋಡೋಣಂತ ಶ್ರೀಪಾದಗ ಹೇಳ್ರಿ" ಎಂದರು.

ಸರಯೂ ಸಲಿಕೆ ತೆಗೆದುಕೊಂಡು ಮೆಟ್ಟಿಲಿಂದ ಗೇಟಿನವರೆಗೆ ಹಿಮ ಸರಿಸಿದಳು. ಗೇಟು ತೆರೆದು ಬೀದಿಯಲ್ಲೂ ಸರಿಸುತ್ತ ಹೋದಳು. ತಮ್ಮ ಮನೆ ಮುಗಿದು ಚನ್ನಬಸವ್ವನ ಮನೆಯ ಮುಂದೆ, ಅಲ್ಲಿಂದ ಮುಂದಿನ ಮನೆಯ ಮುಂದೆ. ಅಳುವುದಕ್ಕೆ ಬದಲು ಅವಳು ಹೀಗೆ ಮಾಡುತ್ತಾಳೆಂದು ವಾರಿಜಾಳಿಗೆ ಗೊತ್ತಿತ್ತು. ಹಿಂದಿನ ಸಂಬಂಧಗಳು ತಪ್ಪಿದಾಗಲೂ ಹೀಗೆಯೇ ಮನೆಯ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿ ತಿಕ್ಕಿದ್ದಳು. ವಾರಿಜಾ ಕಾರಿನ ಗಾಜಿನ ಮೇಲಿನ ಹಿಮ ಒರೆಸತೊಡಗಿದಳು. ಬೆರಳು ಮಡಚಿ ಎಣಿಸಿದ್ದರೆ ಸಾಕಿತ್ತು. ಎರಡೇ ನಿಮಿಷದ ಕೆಲಸ, ಅದನ್ನು ಮಾಡಲಿಲ್ಲ. ಅದರ ಬೆಲೆಯನ್ನು ತೆರುತ್ತಿರುವವಳು ತಾನಲ್ಲ, ಬೀದಿಯಲ್ಲಿ ಸಲಿಕೆ ಹಿಡಿದಿರುವವಳು.

ಕೇಂದ್ರದಲ್ಲಿ ಕಲ್ಮಠರು ಅವಳಿಗಾಗಿಯೇ ಕಾಯುತ್ತಿದ್ದರು. ಪಕ್ಕದಲ್ಲಿ ಕಾನೂನು ಸಲಹೆಗಾರರು. ಇಬ್ಬರ ಮುಖದಲ್ಲೂ ರಾತ್ರಿ ಒಳ್ಳೆಯ ನಿದ್ದೆಯಾದ ಕಳೆ.

"ತಪ್ಪು ಅನ್ನೋದ ಇಲ್ಲ ಇದರಾಗ," ಎಂದರು ಕಲ್ಮಠ. "ಮಾರ್ಗಶಿರದಾಗ ಹಿಮ ಬಿಡಬೇಕು ಅಂತ ಕಾಯ್ದೆ. ಯಾರ ಮಾರ್ಗಶಿರ ಅಂತ ಕಾಯ್ದೆದಾಗ ಬರದಿಲ್ಲ. ನಮ್ಮ ಕೇಂದ್ರದ ಪಂಚಾಂಗದಾಗ ಅಧಿಕ ಮಾಸ ಇಲ್ಲ. ಅಂದ ಮ್ಯಾಲೆ ನಿನ್ನೆಯಿಂದ ಮಾರ್ಗಶಿರ ಹತ್ತೈತಿ."

ವಾರಿಜಾ ತಾನು ಕೇಳಿದ್ದು ಸರಿಯೇ ಎಂದು ಮೆಹಜಬೀನಳ ಕಡೆ ನೋಡಿದಳು. ಮೆಹಜಬೀನ್ ತೆರೆಯ ಕಡೆ ನೋಡಿದಳು.

"ಮತ್ತ ಕಾರ್ತಿಕ ಎಲ್ಲಿ ಹೋತ್ರಿ ಸರ್?"

"ಮುಗೀತು."

"ದೀಪಾವಳಿ ನಿನ್ನೆನ ಮಾಡೀವಲ್ರಿ! ನೀವೂ ಹೊಸ ಅಂಗಿ ಹಾಕ್ಕೊಂಡಿದ್ರಿ!"

"ಅದು ವೈಯಕ್ತಿಕ," ಎಂದರು ಕಾನೂನು ಸಲಹೆಗಾರರು.

ಪ್ರಕಟಣೆ ಆಗಲೇ ಸಿದ್ಧವಾಗಿತ್ತು. ಕೇಂದ್ರದ ಅಧಿಕೃತ ಪಂಚಾಂಗದಂತೆ ಮಾರ್ಗಶಿರ ಮಾಸ ಆರಂಭಗೊಂಡಿದ್ದು, ಹಿಮಪಾತವು ನಿಗದಿತ ಸಮಯಕ್ಕೇ ಆಗಿರುತ್ತದೆ, ಕಾರ್ತಿಕ ಮಾಸದ ಎಲ್ಲ ಆಚರಣೆಗಳೂ, ತುಳಸಿ ಲಗ್ನ ಸಹಿತ, ಸಂಪನ್ನಗೊಂಡಿವೆ ಎಂದು ಪರಿಗಣಿಸತಕ್ಕದ್ದು. ಕೆಳಗೆ ವಾರಿಜಾ ಇನಾಮದಾರ, ಹಿರಿಯ ಇಂಜಿನಿಯರ್. ನನ್ನ ಹೆಸರು ಹೇಳಿರಿ ಎಂದು ಅವಳೇ ಹೇಳಿದ್ದಳಲ್ಲ.

ವಾರಿಜಾ ಕೂಗಾಡಿದಳು. ಇದು ಹಸಿ ಹಸಿ ಸುಳ್ಳು, ಜನರ ಮುಂದೆ ಇಂಥ ಸುಳ್ಳು ಹೇಳುವುದಕ್ಕಿಂತ ಕೆಲಸ ಬಿಡುತ್ತೇನೆ, ಸುಳ್ಳಿನ ತಿಂಗಳಿಗೆ ನಾನು ಹೆಸರು ಕೊಡುವವಳಲ್ಲ ಎಂದಳು. ಕಲ್ಮಠರು ಕೈಗಡಿಯಾರ ನೋಡಿಕೊಂಡು, "ಹತ್ತು ಗಂಟೆಗೇ ಹೋತಲ್ರಿ ಅದು" ಎಂದರು. ಅವಳು ಚೀಲ ಎತ್ತಿಕೊಂಡು ಹೊರಟುಬಿಟ್ಟಳು. ಗುಡ್ಡ ಇಳಿಯುವಾಗ ಕಾರು ಮತ್ತೆ ಜಾರಿತು. ಈ ಸಲ ಅವಳು ಬ್ರೇಕನ್ನೂ ಬೈದಳು, ಹಿಮವನ್ನೂ ಬೈದಳು, ಸಲಹೆಗಾರರ ಏಳು ತಲೆಮಾರನ್ನೂ ಬೈದಳು.

ಮನೆಯಲ್ಲಿ ಕರೆಂಟು ಬಂದಿತ್ತು. ಟೀವಿಯಲ್ಲಿ ಅವಳ ಹೆಸರು ಕೆಳಗಿನ ಪಟ್ಟಿಯಲ್ಲಿ ಓಡುತ್ತಿತ್ತು. ಚನ್ನಬಸವ್ವ ನಡುಮನೆಯಲ್ಲೇ ನಿಂತಿದ್ದಳು.

"ಏನ್ರಿ ಬಾಯಾರ ಇದು? ಒಂದು ತಿಂಗಳಾ ನುಂಗಿ ನೀರ ಕುಡದ್ರಿ? ತಿಂಗಳ ಪಗಾರ ನುಂಗಿದ್ರ ನೀವು ಸುಮ್ಮಿರ್ತಿದ್ರೇನು?"

"ನಾ ಬರದಿಲ್ಲ ಚನ್ನಬಸವ್ವಾ, ನನ್ನಾಣೆ."

"ಹೆಸರು ನಿಮ್ದ ಐತಲ್ಲ!"

ಅಂಬಕ್ಕ ದೇವರ ಮನೆಯ ಬಾಗಿಲಲ್ಲಿ ಕುಳಿತು ಟೀವಿಯನ್ನು ನೋಡುತ್ತಿದ್ದರು. ಬೈಯುತ್ತಾರೆಂದು ವಾರಿಜಾ ಕಾದಳು. ಬೈಯಲಿಲ್ಲ. ಬೈಯುವ ತ್ರಾಣವಿಲ್ಲದ ಅತ್ತೆಯನ್ನು ಅವಳು ಯಾವತ್ತೂ ನೋಡಿರಲಿಲ್ಲ. ನೋಡಲು ಇಷ್ಟವೂ ಆಗಲಿಲ್ಲ.

ಸರಯೂ ಒಳಗೆ ಬಂದದ್ದು ಆಗ. ಬೀದಿಯ ಕೊನೆಯವರೆಗೂ ಹಿಮ ಸರಿಸಿ ಬಂದಿದ್ದಳು. ಕೈ ಕೆಂಪಾಗಿತ್ತು, ಮೂಗು ಕೆಂಪಾಗಿತ್ತು. ಬಾಗಿಲಲ್ಲೇ ನಿಂತು ಆ ಪಟ್ಟಿಯನ್ನು ಒಂದು ಸಲ ಓದಿದಳು, ಅದು ಮತ್ತೆ ಬರುವವರೆಗೆ ಕಾದು ಇನ್ನೊಂದು ಸಲ ಓದಿದಳು. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ತಪ್ಪು ದಾರಿ ಹಿಡಿದ ಹುಡುಗಿಯ ಲೆಕ್ಕವನ್ನು ಎಲ್ಲಿಯವರೆಗೆ ಸರಿ ಎನ್ನಬಹುದು ಎಂದು ನೋಡುವಾಗಿನ ಮುಖ ಅದು.

"ಅವ್ವಾ," ಎಂದಳು. "ತುಳಸಿ ಲಗ್ನ ಆಗೇದಂತ."

"ಹುಚ್ಚರು. ಏನರ ಬರೀತಾರ."

"ಹುಚ್ಚರು ಇರಬಹುದು. ಸರಕಾರದವ್ರು ಹೌದಲ್ಲೋ? ಲಗ್ನ ಆಗೇದ ಅಂದ್ರ, ನಮ್ಮ ತುಳಸೀದೂ ಆಗೇದ. ಲಗ್ನ ಆದ ಮ್ಯಾಲೆ ಸತ್ತಾಳ. ಹಂಗಿದ್ರ ಅಕಿ ಕನ್ನೆಯಾಗಿ ಸತ್ತಿಲ್ಲವ್ವಾ. ಮುತ್ತೈದಿಯಾಗಿ ಹೋಗ್ಯಾಳ."

ಅಂಬಕ್ಕ ಮಗಳನ್ನು ನೋಡಿದರು. ಅವರ ಹಣೆ ಖಾಲಿಯಾಗಿ ಇಪ್ಪತ್ತು ವರ್ಷ ಕಳೆದಿತ್ತು. ಮುತ್ತೈದೆಯಾಗಿ ಹೋಗುವುದು ಎಂದರೆ ಏನೆಂದು ಆ ಮನೆಯಲ್ಲಿ ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವರು ತುಳಸಿಯ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದದ್ದು ಮಗಳಿಗೆ, ಸೊಸೆಗೆ ಅದೊಂದನ್ನೇ.

"ಮತ್ತ ಮುಹೂರ್ತ?" ಎಂದರು ಕೊನೆಗೆ. ದನಿಯಲ್ಲಿ ಹಟ ಇನ್ನೂ ಇತ್ತು, ಆದರೆ ಒಂದು ಎಳೆಯಷ್ಟೇ. "ಇವರ ಪಂಚಾಂಗದಾಗ ಮಾರ್ಗಶಿರ ಅಂದ್ರ ಮುಹೂರ್ತ ಎಲ್ಲೆ ಕೂಡ್ತದ?"

"ಮುಹೂರ್ತ ನಮ್ಮ ಪಂಚಾಂಗದ್ದು. ತುಳಸಿ ಸರಕಾರದ್ದು," ಎಂದಳು ಸರಯೂ. ಆಮೇಲೆ ಟೀವಿಯಿಂದ ಕಣ್ಣು ಕಿತ್ತು ಅವ್ವನನ್ನೇ ನೋಡಿದಳು. ಲೆಕ್ಕ ಬಿಡಿಸುವ ಮೇಡಂ ಅಲ್ಲೆಲ್ಲೂ ಇರಲಿಲ್ಲ. "ಅವ್ವಾ, ನಾ ಇನ್ನೊಂದು ವರ್ಷ ಕಾಯೂದಿಲ್ಲ. ನನ್ನ ಕೈಲೆ ಆಗೂದಿಲ್ಲ. ನೀ ಒಪ್ಪಿ ಆದ್ರ ನನಗ ಚಂದ ಅನಸ್ತದ, ಅದಕ್ಕ ಇಷ್ಟು ಹೇಳ್ಲಿಕ್ಕೆ ಹತ್ತೀನಿ."

ಅಂಬಕ್ಕ ಗೋಡೆ ಹಿಡಿದು ಮೆಲ್ಲಗೆ ಎದ್ದರು. ಮಗಳ ಕಡೆಗೆ ಹೋಗಲಿಲ್ಲ. ಸೊಸೆಯ ಮುಂದೆ ಬಂದು ನಿಂತರು.

"ಅಲ್ಲೇ ಕೆಲಸಾ ಮಾಡ್ತಿ ನೀನು. ಪಂಚಾಂಗಾ ಬರದಾಕಿನೂ ನೀನ. ನನಗೆ ಟೀವಿ ಮಾತು ಬ್ಯಾಡ, ನೀ ಹೇಳು. ಇದು ಕಾರ್ತಿಕೋ, ಮಾರ್ಗಶಿರೋ?"

ಒಂದು ಗಂಟೆಯ ಹಿಂದೆ ಇದೇ ಪ್ರಶ್ನೆಗೆ ವಾರಿಜಾ ಗುಡ್ಡದ ಮೇಲೆ ನಿಂತು, ಗಂಟಲು ಹರಿಯುವಂತೆ ಉತ್ತರ ಹೇಳಿ ಬಂದಿದ್ದಳು. ಹೊರಗೆ ಪಾಂಡವರು ಹಿಮದಲ್ಲಿ ಹುಗಿದುಹೋಗಿದ್ದರು. ನಿನ್ನೆ ಪಾಡ್ಯ, ಇವತ್ತು ಬಿದಿಗೆ, ಚಿಕ್ಕ ಹುಡುಗರಿಗೂ ಗೊತ್ತಿರುವ ವಿಷಯ. ಅಂಬಕ್ಕನಿಗಂತೂ ಊರಿಗೆಲ್ಲ ತಿಥಿ ಹೇಳುವಷ್ಟು ಗೊತ್ತು. ಆದರೂ ಅವರು ಕಣ್ಣು ಮಿಟುಕಿಸದೆ ಸೊಸೆಯನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಸರಯೂ ಕೆಂಪಗಾದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಂತಿದ್ದಳು.

"ಮಾರ್ಗಶಿರರಿ ಅತ್ತ್ಯಾ," ಎಂದಳು ವಾರಿಜಾ.

"ಖರೇನ?"

"ಖರೇನ. ನಿನ್ನೆನ ಹತ್ತೇದ."

ಅಂಬಕ್ಕ ಸೊಸೆಯ ಕೆನ್ನೆಯನ್ನು ತಣ್ಣನೆಯ ಅಂಗೈಯಿಂದ ಒಂದು ಸಲ ಸವರಿ, ಮಗಳ ಕಡೆ ತಿರುಗಿದರು.

"ನಿಂತೀಯೇನ ಹಂಗ? ಶ್ರೀಪಾದಗ ಫೋನ್ ಹಚ್ಚು. ರಸ್ತಾ ಬಂದಾದ್ರ ದನದ ಗಾಡ್ಯಾಗರ ಬರ್ಲಿ, ತಾರೀಖು ಮಾತ್ರ ತಪ್ಪಸಬ್ಯಾಡ ಅಂತ ಹೇಳು."